ಮುಕ್ತಿನಾಥದ ಹಾದಿಯಲ್ಲಿ ಐವರು

‘ದೇಶ ಸುತ್ತು, ಕೋಶ ಓದು’ ಎಂಬ ಹಿರಿಯರ ಮಾತಿನ ಉತ್ತರಾರ್ಧವನ್ನು ಅಧ್ಯಾಪಕರಾದ ನಾವು ಉದ್ಯೋಗಧರ್ಮವೆಂದಾದರೂ ಪಾಲಿಸುತ್ತೇವೆ. ಪೂರ್ವಾರ್ಧ ಮಾತ್ರ ರಜೆಯ ಅನುಮತಿಯನ್ನೂ ಕಿಸೆಯ ಅನುಮತಿಯನ್ನೂ ಕಾಯುತ್ತ ಉಳಿದುಬಿಡುತ್ತದೆ. 2023ರ ಏಪ್ರಿಲಿನಲ್ಲಿ ಈ ಎರಡು ಅನುಮತಿಗಳೂ ಏಕಕಾಲಕ್ಕೆ ದೊರೆತುದರಿಂದ, ಕಾಸರಗೋಡು ಸೀಮೆಯ ಒಂದೇ ಊರಿನವರಾದ ನಾವು ಐವರು ಮಿತ್ರರು ನೇಪಾಳ ದೇಶವನ್ನು ಸಂದರ್ಶಿಸಿ ಬಂದೆವು. ಈ ಪ್ರವಾಸದ ಕೆಲವು ಅನುಭವಗಳನ್ನು ವಾಚಕ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಐವರೆಂದರೆ ಒಬ್ಬರು ನಿವೃತ್ತ ಪೋಸ್ಟ್ ಮಾಸ್ಟರರು, ಒಬ್ಬರು ಅಡಕೆ ಕೃಷಿಕರು, ಒಬ್ಬರು ಜವಳಿ ವ್ಯಾಪಾರಿಗಳು, ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಐದನೆಯವನು ನಾನು. ಪತ್ರಿಕೆಯಲ್ಲಿ ತಮ್ಮ ಹೆಸರು ಬರಕೂಡದೆಂಬುದು ಮಿತ್ರರ ಕರಾರಾದ ಕಾರಣ ಅವರನ್ನು ವೃತ್ತಿಯಿಂದಲೇ ಕರೆಯುತ್ತೇನೆ. ಯಾತ್ರೆಗೆ ಬೀಜ ಬಿತ್ತಿದವರು ಕೃಷಿಕರು. ಎಂಬತ್ತು ದಾಟಿದ ಅವರ ತಾಯಿ ‘ಮುಕ್ತಿನಾಥದ ಒಂದು ಉದ್ಧರಣೆ ನೀರು ತಂದುಕೊಡು’ ಎಂದು ಕೇಳಿ ವರ್ಷಗಳೇ ಕಳೆದಿದ್ದವು. ಪ್ರತಿ ವರ್ಷವೂ ‘ಕೊಯ್ಲು ಮುಗಿಯಲಿ’ ಎಂದು ಮುಂದೂಡುತ್ತ ಬಂದಿದ್ದ ಅವರು, ಆ ವರ್ಷ ತಾವಾಗಿಯೇ ಒಂದು ಹಿತ್ತಾಳೆಯ ತಂಬಿಗೆಯನ್ನು ತಿಕ್ಕಿ ಬೆಳಗಿ ಚೀಲದಲ್ಲಿಟ್ಟುಕೊಂಡರು. ಉಳಿದ ನಾಲ್ವರಿಗೆ ಅಷ್ಟೇ ನೆಪ ಸಾಕಾಯಿತು.

ಗಡಿ ದಾಟುವ ಸುಖ

ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ದಿಲ್ಲಿ, ಅಲ್ಲಿಂದ ರಾತ್ರಿಯ ರೈಲಿನಲ್ಲಿ ಗೋರಖಪುರ, ಅಲ್ಲಿಂದ ಬಸ್ಸಿನಲ್ಲಿ ಸೋನೌಲಿ: ಇದು ನಮ್ಮ ಮಾರ್ಗ. ನೇಪಾಳಕ್ಕೆ ಭಾರತೀಯರು ಪಾಸ್‌ಪೋರ್ಟ್ ಒಯ್ಯಲೇಬೇಕೆಂದಿಲ್ಲ, ಮತದಾರರ ಗುರುತಿನ ಚೀಟಿಯೇ ಸಾಕು. ವೀಸಾದ ಗೊಡವೆಯೂ ಇಲ್ಲ. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ. 1993ರಿಂದ ಈ ದರ ಕದಲಿಲ್ಲವೆಂದು ಬ್ಯಾಂಕಿನವರು ವಿವರಿಸಿದರು. ಒಂದು ಕಮಾನಿನಡಿಯಲ್ಲಿ ನಡೆದು ಆಚೆಗೆ ಕಾಲಿಟ್ಟೊಡನೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಬೇಕಾಯಿತು. ಪಂಚಾಂಗವನ್ನಾದರೋ ಐವತ್ತೇಳು ವರ್ಷ ಮುಂದಕ್ಕೆ! ಅಲ್ಲಿ ಸರಕಾರಿ ವ್ಯವಹಾರವೆಲ್ಲ ವಿಕ್ರಮ ಶಕೆಯಂತೆ ನಡೆಯುತ್ತದೆ. ನಾವು ಹೋದಾಗ 2079 ಮುಗಿದು 2080 ಹುಟ್ಟುವುದರಲ್ಲಿತ್ತು.

ಗಡಿನಾಡಿನಲ್ಲಿ ಹುಟ್ಟಿ ಬೆಳೆದವರಿಗೆ ಗಡಿಯೆಂಬುದು ಹೊಸತಲ್ಲ. ಮನೆಯಿಂದ ಪೇಟೆಗೆ ಹೋಗುವಷ್ಟರಲ್ಲಿ ನಾವು ಮೂರು ಭಾಷೆಗಳಲ್ಲಿ ಕ್ಷೇಮ ವಿಚಾರಿಸಿರುತ್ತೇವೆ. ಆದರೂ ಒಂದು ಪರದೇಶದ ಗಡಿಯನ್ನು ಹೀಗೆ ಸಂತೆಗೆ ಹೋದಂತೆ ದಾಟಿದ್ದು ವಿಶೇಷವೇ ಸರಿ. ತರಕಾರಿ ಚೀಲ ಹಿಡಿದ ಹೆಂಗಸರು, ಸೈಕಲ್ ನೂಕುವ ಹುಡುಗರು ನಮ್ಮೊಡನೆಯೇ ದಾಟಿದರು. ಅತ್ತಲೂ ಇತ್ತಲೂ ಅವರಾಡುತ್ತಿದ್ದುದು ಒಂದೇ ಭೋಜಪುರಿ.

ಲುಂಬಿನಿಯ ಕಂಬ

ಗಡಿಯಿಂದ ಒಂದು ಗಂಟೆಯ ಹಾದಿಯಲ್ಲಿ ಲುಂಬಿನಿ. ಬುದ್ಧ ಭಗವಾನನು ಜನಿಸಿದ ಈ ತಾಣ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮಾಯಾದೇವಿ ಮಂದಿರದ ಮಗ್ಗುಲಲ್ಲಿ ಅಶೋಕ ಚಕ್ರವರ್ತಿಯ ಕಂಬ ನಿಂತಿದೆ. ಪಟ್ಟಾಭಿಷೇಕವಾಗಿ ಇಪ್ಪತ್ತು ವರ್ಷಗಳಾದ ಮೇಲೆ ತಾನೇ ಖುದ್ದಾಗಿ ಬಂದು ಪೂಜೆ ಸಲ್ಲಿಸಿದುದನ್ನೂ, ಶಾಕ್ಯಮುನಿ ಇಲ್ಲಿ ಜನಿಸಿದನೆಂಬ ಕಾರಣಕ್ಕೆ ಊರಿನ ಬಲಿಯೆಂಬ ತೆರಿಗೆಯನ್ನು ಮಾಫಿ ಮಾಡಿ ಬೆಳೆಯ ಪಾಲನ್ನು ಎಂಟನೆಯ ಒಂದಕ್ಕೆ ಇಳಿಸಿದುದನ್ನೂ ಅರಸನು ಅದರಲ್ಲಿ ಕೊರೆಯಿಸಿದ್ದಾನೆ. ಮಹಾಪುರುಷನ ಹುಟ್ಟಿದೂರಿಗೆ ಗೋಪುರವನ್ನಲ್ಲ, ರೈತನಿಗೆ ತೆರಿಗೆಯ ವಿನಾಯಿತಿಯನ್ನು ಕೊಟ್ಟ ಅರಸ! ಇದನ್ನು ಕೇಳಿ ನಮ್ಮ ಕೃಷಿಕರು ಕಂಬಕ್ಕೆ ಎರಡನೆಯ ಬಾರಿ ಕೈಮುಗಿದರು.

ನನಗೆ ನೆನಪಾದದ್ದು ಮಸ್ಕಿ. ರಾಯಚೂರು ಜಿಲ್ಲೆಯ ಆ ಊರಿನಲ್ಲಿ 1915ರಲ್ಲಿ ಕಂಡುಬಂದ ಶಾಸನದಲ್ಲಿ ‘ಅಶೋಕ’ ಎಂಬ ಹೆಸರೇ ದೊರೆತು, ಶಾಸನಗಳ ದೇವಾನಾಂಪ್ರಿಯನು ಯಾರೆಂಬ ಸಂದೇಹ ನೀಗಿತು. ಅಲ್ಲಿಯೂ ಇಲ್ಲಿಯೂ ಅದೇ ಬ್ರಾಹ್ಮೀ ಲಿಪಿ. ನಮ್ಮ ನೆರೆಯ ಮಂಜೇಶ್ವರದ ಗೋವಿಂದ ಪೈಗಳು ಬುದ್ಧನ ಕೊನೆಯ ದಿನಗಳನ್ನು ಕುರಿತು ‘ವೈಶಾಖಿ’ ಎಂಬ ಕಾವ್ಯವನ್ನು ರಚಿಸಿದ್ದಾರೆ. ಕಡಲ ಕರೆಯ ಮನೆಯಲ್ಲಿ ಕುಳಿತು ಅವರು ಚಿತ್ರಿಸಿದ ಮಹಾನುಭಾವನ ಜನ್ಮಸ್ಥಳದಲ್ಲಿ ನಿಂತಾಗ, ಆ ಹೆಸರನ್ನು ಒಮ್ಮೆಯಾದರೂ ಗಟ್ಟಿಯಾಗಿ ಉಚ್ಚರಿಸಬೇಕೆನಿಸಿತು. ಉಚ್ಚರಿಸಿದೆ.

ಕಾಳಿ ಗಂಡಕಿಯ ಕಮರಿ

ಪೋಖರಾ ನಗರದ ಫೇವಾ ಸರೋವರವನ್ನೂ, ಮೀನಿನ ಬಾಲದಂತೆ ಸೀಳಿಕೊಂಡ ಮಚ್ಛಾಪುಚ್ಛ್ರೆ ಶಿಖರವನ್ನೂ ಕುರಿತು ಬರೆದವರು ಬಹಳ ಮಂದಿ ಇರುವುದರಿಂದ ನಾನು ಮುಂದೆ ಸಾಗುತ್ತೇನೆ. ಏಪ್ರಿಲ್ 9ರ ನಸುಕಿನಲ್ಲಿ ಜೀಪು ಹತ್ತಿದೆವು. ಪೋಖರಾ ಇರುವುದು ಸುಮಾರು 820 ಮೀಟರ್ ಎತ್ತರದಲ್ಲಿ, ಮುಕ್ತಿನಾಥವಾದರೋ 3,700 ಮೀಟರಿಗೂ ಮೇಲೆ. ಬೇನಿಯ ತನಕ ರಸ್ತೆ ಸಾಧಾರಣ. ಮುಂದೆ ಎಷ್ಟೋ ಕಡೆ ರಸ್ತೆಯೆಂಬುದು ಬಂಡೆಯನ್ನು ಕೆತ್ತಿ ಮಾಡಿದ ಗೀರು ಮಾತ್ರ. ಎಡಕ್ಕೆ ಗೋಡೆಯಂಥ ಬೆಟ್ಟ, ಬಲಕ್ಕೆ ನೋಡಬಾರದ ಆಳ. ಎದುರಿನಿಂದ ಬಸ್ಸು ಬಂದಾಗ ಚಾಲಕನು ಹಾಡು ಗುನುಗುತ್ತ ಹಿಮ್ಮುಖವಾಗಿ ಜೀಪು ನಡೆಸಿದ. ಜವಳಿ ವ್ಯಾಪಾರಿಗಳು ಕಣ್ಣು ಮುಚ್ಚಿ ವಿಷ್ಣುಸಹಸ್ರನಾಮವನ್ನು ಆರಂಭಿಸಿದರು. ಪೋಸ್ಟ್ ಮಾಸ್ಟರರು, ‘ಅಂಚೆಯ ಓಟಗಾರ ಈ ದಾರಿಯಲ್ಲಿ ಗೆಜ್ಜೆ ಕಟ್ಟಿ ಹೇಗೆ ಓಡಿದನಪ್ಪ?’ ಎಂದು ಚಿಂತಿಸತೊಡಗಿದರು.

ಈ ಕಮರಿ ಸಾಮಾನ್ಯವಾದುದಲ್ಲ. ಒಂದು ಮಗ್ಗುಲಲ್ಲಿ 8,167 ಮೀಟರಿನ ಧೌಲಗಿರಿ, ಇನ್ನೊಂದರಲ್ಲಿ 8,091 ಮೀಟರಿನ ಅನ್ನಪೂರ್ಣಾ. ನಡುವೆ ಎರಡೂವರೆ ಸಾವಿರ ಮೀಟರ್ ಎತ್ತರದಲ್ಲಿ ನದಿ ಹರಿಯುತ್ತದೆ. ಅಂದರೆ ದಡದಲ್ಲಿ ನಿಂತವನ ಎರಡು ಕಡೆಗೂ ಐದೂವರೆ ಕಿಲೋಮೀಟರ್ ಎತ್ತರದ ಗೋಡೆ! ಪರ್ವತಗಳು ಏಳುವುದಕ್ಕೆ ಮೊದಲೇ ಈ ನದಿ ಇತ್ತೆಂದೂ, ಅವು ಏಳುತ್ತ ಹೋದಂತೆ ಇದು ಕೊರೆಯುತ್ತ ಹೋಯಿತೆಂದೂ ಭೂವಿಜ್ಞಾನಿಗಳು ಹೇಳುತ್ತಾರೆ. ಎಂಟು ಸಾವಿರ ಮೀಟರ್ ಮೀರಿದ ಶಿಖರಗಳಲ್ಲಿ ಮಾನವನು ಮೊತ್ತಮೊದಲು ತುದಿ ಮುಟ್ಟಿದ್ದು ಈ ಅನ್ನಪೂರ್ಣೆಯನ್ನೇ. ಅದು 1950ರ ಜೂನ್ 3ರಂದು, ಫ್ರೆಂಚರಾದ ಎರ್ಜೋಗ್ ಮತ್ತು ಲಾಶನಾಲ್ ಅವರಿಂದ.

ಸಂಜೆ ಜೋಮ್‌ಸೋಮ್ ತಲಪಿ ತಂಗಿದೆವು. ಮರುದಿನ ಸೂರ್ಯೋದಯಕ್ಕೆ ನದೀಪಾತ್ರದಲ್ಲೇ ಕಾಗಬೇನಿಯ ಕಡೆಗೆ ನಡೆಯತೊಡಗಿದೆವು. ಬೇಗ ಹೊರಡಲು ಕಾರಣವಿತ್ತು. ಬಿಸಿಲೇರಿದಂತೆ ಉತ್ತರದ ಬೋಳು ಪ್ರಸ್ಥಭೂಮಿ ಕಾದು ಅಲ್ಲಿಯ ಗಾಳಿ ಮೇಲೇಳುತ್ತದೆ. ಆ ತೆರವನ್ನು ತುಂಬಲು ದಕ್ಷಿಣದ ಗಾಳಿ ಈ ಇಕ್ಕಟ್ಟಾದ ಕಮರಿಯಲ್ಲಿ ನುಗ್ಗುತ್ತದೆ. ಹತ್ತು ಹನ್ನೊಂದು ಗಂಟೆಯ ಮೇಲೆ ಮರಳು, ಹರಳು ಮುಖಕ್ಕೆ ರಾಚುತ್ತವೆ. ಈ ಕಾರಣದಿಂದಲೇ ಜೋಮ್‌ಸೋಮಿನ ವಿಮಾನಗಳೂ ಬೆಳಗಿನ ಹೊತ್ತೇ ಹಾರುತ್ತವೆ. ಐದನೆಯ ತರಗತಿಗೆ ಕಡಲ್ಗಾಳಿ ನೆಲಗಾಳಿಗಳ ಪಾಠವನ್ನು ಎಷ್ಟೋ ವರ್ಷ ಮಾಡಿದ ನನಗೆ, ಆ ಪಾಠವೇ ಬೆನ್ನಿಗೆ ಕೈಯಿಟ್ಟು ನೂಕಿದಂತಾಯಿತು.

ನದಿಯ ಹರಳುಗಳ ನಡುವೆ ಕೃಷಿಕರ ಕಣ್ಣಿಗೆ ಒಂದು ಕರಿಯ ಉರುಟು ಕಲ್ಲು ಬಿತ್ತು. ಬಿರುಕಿನೊಳಗೆ ಚಕ್ರದ ಗುರುತು. ಶಾಲಗ್ರಾಮ! ಇದು ಅಮೋನೈಟ್ ಎಂಬ ಕಡಲಜೀವಿಯ ಚಿಪ್ಪು ಶಿಲೆಯಾಗಿ ಉಳಿದ ರೂಪ. ಸುಮಾರು ಹದಿನೈದು ಕೋಟಿ ವರ್ಷಗಳ ಕೆಳಗೆ ಇಲ್ಲಿ ಟೆಥಿಸ್ ಎಂಬ ಸಮುದ್ರವಿತ್ತು. ದಕ್ಷಿಣದಿಂದ ಸರಿದುಬಂದ ನಮ್ಮ ಭೂಖಂಡ ಏಷ್ಯಾಕ್ಕೆ ಒತ್ತಿ, ಆ ಕಡಲ ತಳವೇ ಮಡಿಚಿ ಹಿಮಾಲಯವಾಗಿ ಎದ್ದಿತು. ಇದನ್ನು ನಾನು ವಿವರಿಸಿದಾಗ ಅವರು, ‘ಹಾಗಾದರೆ ಕ್ಷೀರಸಾಗರದಲ್ಲಿ ಇದ್ದವನು ಎಂಬುದು ಸುಳ್ಳಲ್ಲವಲ್ಲ ಮಾಸ್ತರರೇ’ ಎಂದರು. ಕಲ್ಲನ್ನು ಕಣ್ಣಿಗೊತ್ತಿ, ‘ನದಿಯದು ನದಿಗೇ ಇರಲಿ’ ಎಂದು ಮೆಲ್ಲನೆ ನೀರಿಗಿಳಿಸಿದರು.

ರಾಣಿಪೌವಾದ ರಾತ್ರಿ

ಕಾಗಬೇನಿಯಲ್ಲಿ ಊಟ ಮಾಡಿ ಬೆಟ್ಟವೇರಿದೆವು. ಮರವಿಲ್ಲದ ಕಂದು ನೆಲ, ಮಣ್ಣಿನ ಮನೆಗಳ ಹಳ್ಳಿಗಳು, ಹಸುರೆಂದರೆ ಜವೆಗೋಧಿಯ ಗದ್ದೆಗಳ ತುಣುಕು ಮಾತ್ರ. ಸಂಜೆ ಐದು ಗಂಟೆಗೆ ಮುಕ್ತಿನಾಥದ ಬುಡದ ಊರಾದ ರಾಣಿಪೌವಾ ಸೇರಿದೆವು. ದೇವಾಲಯಕ್ಕೆ ಇನ್ನು ಅರ್ಧ ಗಂಟೆಯ ನಡಿಗೆ ಉಳಿದಿತ್ತು. ಬೆಳಗ್ಗೆ ಸ್ನಾನ, ದರ್ಶನವೆಂದು ನಿಶ್ಚಯಿಸಿ ವಸತಿಗೃಹದಲ್ಲಿ ಕುಳಿತೆವು.

ಏಳು ಗಂಟೆಗೆ ಕೃಷಿಕರು ತಲೆನೋವೆಂದರು. ಎಂಟಕ್ಕೆ ವಾಂತಿಯಾಯಿತು. ಐವರಲ್ಲಿ ದೃಢಕಾಯರೆಂದರೆ ಅವರೇ. ದಿನವೂ ತೋಟದ ಏರುತಗ್ಗು ತುಳಿದವರು, ಅಂದು ಹಾದಿಯುದ್ದಕ್ಕೂ ಎಲ್ಲರಿಗಿಂತ ಮುಂದಿದ್ದವರು. ‘ಪಿತ್ತ, ಮಲಗಿದರೆ ಸರಿಯಾದೀತು’ ಎಂದು ಕಂಬಳಿ ಹೊದ್ದರು. ಬಿಸಿನೀರು ತಂದ ಮನೆಯೊಡತಿ ಅವರ ಮುಖವನ್ನು ಒಂದು ನಿಮಿಷ ನೋಡಿ, ಏಳಿಸಿ, ನೆಲದ ಹಲಗೆಯ ಸಂದಿನ ಗೆರೆಯ ಮೇಲೆ ಹಿಮ್ಮಡಿಗೆ ಬೆರಳು ತಾಗಿಸುತ್ತ ನಡೆಯಲು ಹಿಂದಿಯಲ್ಲಿ ಹೇಳಿದಳು. ಮೂರನೆಯ ಹೆಜ್ಜೆಗೆ ಅವರು ಓಲಾಡಿ ಗೋಡೆ ಹಿಡಿದರು. ‘ಈಗಲೇ ಕೆಳಗೆ ಒಯ್ಯಿರಿ. ಬೆಳಗಿನವರೆಗೆ ಕಾಯಬೇಡಿ’ ಎಂದಳು ಆಕೆ.

ಆ ಎತ್ತರದಲ್ಲಿ ಗಾಳಿ ವಿರಳ. ಉಸಿರಿಗೆ ದೊರೆಯುವ ಆಮ್ಲಜನಕ ಕಡಲಮಟ್ಟದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿಗಿಂತಲೂ ತುಸು ಕಡಿಮೆ. ದೇಹ ಇದಕ್ಕೆ ಒಗ್ಗಿಕೊಳ್ಳಲು ದಿನಗಳು ಬೇಕು. ಒಗ್ಗದಿದ್ದಾಗ ತಲೆನೋವು, ವಾಂತಿ. ಮುಂದುವರಿದರೆ ಮಿದುಳಿನಲ್ಲಿಯೋ ಶ್ವಾಸಕೋಶದಲ್ಲಿಯೋ ನೀರು ತುಂಬಿ ಪ್ರಾಣಕ್ಕೇ ಸಂಚಕಾರ. ನಡಿಗೆ ತಪ್ಪುವುದು ಮಿದುಳು ಬಾಧಿತವಾದುದರ ಗುರುತು. ಗಟ್ಟಿಮುಟ್ಟಾದವರಿಗೆ ಇದು ಬಾರದೆಂಬ ನಿಯಮವಿಲ್ಲ. ಮುಖ್ಯ ಚಿಕಿತ್ಸೆ ಒಂದೇ: ತಡಮಾಡದೆ ಕೆಳಗಿಳಿಯುವುದು.

ಇಳಿಯಲು ಒಪ್ಪದವರು ರೋಗಿಯೇ. ‘ಇಷ್ಟು ದೂರ ಬಂದು, ಬಾಗಿಲಲ್ಲಿ ನಿಂತು ತಿರುಗಿ ಹೋಗುವುದೇ? ಅಮ್ಮನಿಗೆ ಏನೆನ್ನಲಿ? ಬೆಳಗ್ಗೆ ಒಂದು ಗಳಿಗೆ ಸಾಕು’ ಎಂದು ಹಟ ಹಿಡಿದರು. ವ್ಯಾಪಾರಿಗಳ ಮನಸ್ಸೂ ಡೋಲಾಯಮಾನವಾಗಿತ್ತು. ಆಗ ಮಿತಭಾಷಿಗಳಾದ ಪೋಸ್ಟ್ ಮಾಸ್ಟರರು ಅವರ ಹಾಸಿಗೆಯ ಅಂಚಿನಲ್ಲಿ ಕುಳಿತು, ‘ನಾನು ಮೂವತ್ತು ವರ್ಷ ತಂತಿ ಸುದ್ದಿ, ಕಾಗದ ಹಂಚಿಸಿದವನು. ಕೆಟ್ಟ ಸುದ್ದಿ ಹೊತ್ತು ನಿಮ್ಮ ಮನೆಯ ಮೆಟ್ಟಿಲು ಹತ್ತುವ ಕೆಲಸವನ್ನು ನನಗೆ ಕೊಡಬೇಡಿ’ ಎಂದರು. ಕೃಷಿಕರು ಮಾತನಾಡದೆ ಎದ್ದು ಕೋಟು ಹಾಕಿಕೊಂಡರು.

ಮನೆಯೊಡತಿಯ ತಮ್ಮನ ಜೀಪಿನಲ್ಲಿ ನಾನೂ ಬ್ಯಾಂಕಿನವರೂ ಅವರನ್ನು ನಡುವೆ ಕುಳ್ಳಿರಿಸಿಕೊಂಡು ಕತ್ತಲಲ್ಲಿ ಇಳಿದೆವು. ಸುಮಾರು 900 ಮೀಟರ್ ಕೆಳಗಿನ ಕಾಗಬೇನಿ ಸೇರಿದಾಗ ಹತ್ತೂವರೆ. ನಡುರಾತ್ರಿಗೆ ತಲೆನೋವು ಇಳಿಯಿತು. ಬೆಳಗ್ಗೆ ಐದಕ್ಕೆ ನಾನು ಎಚ್ಚತ್ತಾಗ ಅವರು ಗೋಡೆಗೊರಗಿ ಕುಳಿತು ಚಹಾ ಕುಡಿಯುತ್ತಿದ್ದರು. ಆ ಚಹಾದ ಲೋಟದಷ್ಟು ಚೆಂದದ ದೃಶ್ಯವನ್ನು ನಾನು ಹಿಮಾಲಯದಲ್ಲಿ ಬೇರೆಲ್ಲಿಯೂ ಕಾಣಲಿಲ್ಲ.

ತಂಬಿಗೆಯನ್ನು ನನ್ನ ಕೈಗಿತ್ತು, ‘ನೀವು ಹೋಗಿ ತನ್ನಿ. ನಾನು ಮತ್ತೆ ಹತ್ತುವುದಿಲ್ಲ. ಅಮ್ಮ ಕೇಳಿದ್ದು ನೀರನ್ನು, ನನ್ನ ಯಾತ್ರೆಯನ್ನಲ್ಲ’ ಎಂದರು.

ನೂರೆಂಟು ಧಾರೆ

ಮುಂಜಾನೆಯ ಜೀಪಿನಲ್ಲಿ ಮೇಲೇರಿ ಮಿತ್ರರಿಬ್ಬರನ್ನು ಕೂಡಿಕೊಂಡೆ. ಮುಕ್ತಿನಾಥ ಮಂದಿರ ಚಿಕ್ಕದು, ಪಗೋಡ ಮಾದರಿಯದು. ಹಿಂಬದಿಯ ಅರ್ಧಚಂದ್ರಾಕಾರದ ಗೋಡೆಯಲ್ಲಿ 108 ದನದ ಮುಖಗಳಿಂದ ಹಿಮದ ನೀರು ಸುರಿಯುತ್ತದೆ. ಒಂದೊಂದರಡಿ ತಲೆಯೊಡ್ಡಿ ಓಡುವಷ್ಟರಲ್ಲಿ ನೆತ್ತಿ ಮರಗಟ್ಟಿತು. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಇದೂ ಒಂದು, ಬೌದ್ಧರಿಗೂ ಪವಿತ್ರ ಕ್ಷೇತ್ರ. ಬೌದ್ಧ ಸಂನ್ಯಾಸಿನಿಯರು ಇಲ್ಲಿ ಸೇವೆಗೈಯುತ್ತಾರೆ. ಸಮೀಪದ ಜ್ವಾಲಾಮಾಯಿಯಲ್ಲಿ ನೀರಿನ ಬಳಿಯಲ್ಲೇ ನೆಲದೊಳಗಿನ ಅನಿಲದಿಂದ ನೀಲಿಯ ಪುಟ್ಟ ಜ್ವಾಲೆ ಉರಿಯುತ್ತದೆ. ಒಂದೇ ಗುಡಿಯಲ್ಲಿ ಎರಡು ಮತದವರು ಒಬ್ಬರ ಮಂತ್ರಕ್ಕೆ ಇನ್ನೊಬ್ಬರು ದಾರಿ ಬಿಟ್ಟು ನಿಲ್ಲುವುದನ್ನು ಕಂಡು ಮನಸ್ಸು ತಂಪಾಯಿತು. ತಂಬಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಇಳಿದೆವು.

ಕಾಗಬೇನಿಯಲ್ಲಿ ಕೃಷಿಕರು ಸುಮ್ಮನಿರಲಿಲ್ಲ. ‘ಕಾಗ’ವೆಂದರೆ ಕಾಗೆ, ‘ಬೇನಿ’ಯೆಂದರೆ ಸಂಗಮ. ಕಾಳಿ ಗಂಡಕಿಗೆ ಝೋಂಗ್ ನದಿ ಸೇರುವ ಈ ಸ್ಥಳ ಪಿತೃಕಾರ್ಯಕ್ಕೆ ಪ್ರಸಿದ್ಧ. ಗತಿಸಿದ ತಂದೆಗೆ ಅವರು ಅಲ್ಲಿ ಪಿಂಡವಿಟ್ಟು ಬಂದಿದ್ದರು. ‘ಕಾಗೆ ಬಂತೇ?’ ಎಂದು ವ್ಯಾಪಾರಿಗಳು ಕೇಳಿದರು. ‘ನಮ್ಮೂರ ಕಾಗೆಗಿಂತ ಬೇಗ ಬಂತು’ ಎಂಬ ಉತ್ತರ ಬಂದಾಗ, ಹಿಂದಿನ ರಾತ್ರಿಯಿಂದ ಯಾರೂ ನಗದಿದ್ದ ನಾವು ಐವರೂ ನಕ್ಕೆವು.

ಕರ್ಣಾಟವೆಂಬ ಹೆಸರು

ಏಪ್ರಿಲ್ 14ರಂದು ಭಕ್ತಪುರದಲ್ಲಿದ್ದೆವು. ನೇಪಾಳದ ಹೊಸವರ್ಷ, ಬಿಸ್ಕೆಟ್ ಜಾತ್ರೆಯ ದಿನ. ಹಿಂದಿನ ಸಂಜೆ ನಿಲ್ಲಿಸಿದ್ದ ಭಾರೀ ಮರದ ಕಂಬವನ್ನು ಅಂದು ಹಗ್ಗ ಕಟ್ಟಿ ಕೆಡಹುತ್ತಾರೆ. ಅದು ಉರುಳಿದರೆ ಹಳೆಯ ವರ್ಷ ಉರುಳಿದಂತೆ. ಕಂಬದ ನೆತ್ತಿಯಿಂದ ಇಳಿಬಿಟ್ಟ ಎರಡು ಪತಾಕೆಗಳು ಕಥೆಯೊಂದರಲ್ಲಿ ಹತವಾದ ಎರಡು ಸರ್ಪಗಳ ಸಂಕೇತ. ಮರುದಿನ ನಮ್ಮ ಊರಲ್ಲಿ ಬಿಸು. ಎರಡೂ ಹಬ್ಬಗಳು ಸೂರ್ಯನು ಮೇಷಕ್ಕೆ ಕಾಲಿಡುವುದನ್ನೇ ಕಾಯುತ್ತವೆ.

1702ರಲ್ಲಿ ಭೂಪತೀಂದ್ರ ಮಲ್ಲನು ಕಟ್ಟಿಸಿದ ಐದು ಅಂತಸ್ತಿನ ನ್ಯಾತಪೋಲ ದೇಗುಲ 1934ರ ಭೂಕಂಪವನ್ನೂ 2015ರ ಭೂಕಂಪವನ್ನೂ ತಾಳಿಕೊಂಡು ನಿಂತಿದೆ. 2015ರ ಏಪ್ರಿಲ್ 25ರಂದು ಸುಮಾರು ಒಂಬತ್ತು ಸಾವಿರ ಜನ ಮಡಿದ ಆ ಭೂಕಂಪದಲ್ಲಿ ಸಾವಿರಾರು ಶಾಲಾ ಕೊಠಡಿಗಳು ಕುಸಿದುವು. ಅಂದು ಶನಿವಾರ, ಆ ದೇಶದ ವಾರದ ರಜೆ, ಶಾಲೆಗಳು ಬರಿದಾಗಿದ್ದುವು. ಒಂದು ದಿನ ಹಿಂದುಮುಂದಾಗಿದ್ದರೆ? ಮುಖ್ಯೋಪಾಧ್ಯಾಯನಾದವನಿಗೆ ಆ ಯೋಚನೆಯನ್ನು ಮುಂದುವರಿಸುವ ಧೈರ್ಯವಿಲ್ಲ.

ಭಕ್ತಪುರದ ಅರಮನೆಯ ದೇವತೆ ತಲೇಜು. ಆಕೆಯನ್ನು ಇಲ್ಲಿಗೆ ತಂದವರು ಹರಿಸಿಂಹದೇವನ ಮನೆಯವರೆಂದು ಐತಿಹ್ಯ. ಆತನದು ‘ಕರ್ಣಾಟ’ ವಂಶ! 1097ರಲ್ಲಿ ನಾನ್ಯದೇವನು ಈಗಿನ ನೇಪಾಳದ ತರಾಯಿಯಲ್ಲಿರುವ ಸಿಮ್ರೌನಗಢವನ್ನು ರಾಜಧಾನಿಯಾಗಿಸಿ ಮಿಥಿಲೆಯನ್ನಾಳಿದ. ಕಲ್ಯಾಣದ ಚಾಲುಕ್ಯರ ಉತ್ತರದ ದಂಡಯಾತ್ರೆಗಳೊಡನೆ ಇವನ ಪೂರ್ವಜರು ಬಂದಿರಬೇಕೆಂದು ಇತಿಹಾಸಕಾರರ ಊಹೆ. ಅವನು ಸಂಗೀತ ಶಾಸ್ತ್ರಗ್ರಂಥವನ್ನೂ ರಚಿಸಿದ ವಿದ್ವಾಂಸ. 1324-25ರ ಸುಮಾರಿಗೆ ಘಿಯಾಸುದ್ದೀನ್ ತುಘಲಕನ ದಾಳಿಗೆ ರಾಜ್ಯ ಅಳಿದಾಗ ಹರಿಸಿಂಹದೇವನು ಬೆಟ್ಟಗಳತ್ತ ಓಡಿದ. ರಾಣಿ ದೇವಲದೇವಿ ಭಕ್ತಪುರದಲ್ಲಿ ಆಶ್ರಯ ಪಡೆದಳು. ಆ ಮನೆತನದ ರಾಜಲ್ಲದೇವಿಯನ್ನು ಮುಂದೆ ಜಯಸ್ಥಿತಿ ಮಲ್ಲನು ವರಿಸಿದ.

ಈ ಅರಸರ ಆಸ್ಥಾನದಲ್ಲಿ ಮೈಥಿಲಿ ಭಾಷೆಯ ಮೊದಲ ಗದ್ಯಗ್ರಂಥವಾದ ‘ವರ್ಣರತ್ನಾಕರ’ ಹುಟ್ಟಿತು. ನೆಲೆಸಿದ ನಾಡಿನ ನುಡಿಯನ್ನು ಅವರು ಪೋಷಿಸಿದುದು ಹೆಮ್ಮೆಯ ವಿಷಯವೇ. ಆದರೆ ಅವರ ಕನ್ನಡವೇನಾಯಿತು? ಹೆಸರೊಂದು ಉಳಿಯಿತು, ನುಡಿ ಉಳಿಯಲಿಲ್ಲ. ಅದೇ ಬೀದಿಯಲ್ಲಿ ನೇವಾರ ಜನರು ತಮ್ಮ ನೇಪಾಳ ಭಾಷೆಯಲ್ಲಿ ಗಟ್ಟಿಯಾಗಿ ಮಾತನಾಡುತ್ತಿದ್ದರು. 1769ರ ಹೊತ್ತಿಗೆ ಅವರ ಅರಸೊತ್ತಿಗೆಗಳು ಮುಗಿದುಹೋದುವು. ರಾಣಾ ಪ್ರಭುತ್ವದಲ್ಲಿ ಆ ಭಾಷೆಯಲ್ಲಿ ಬರೆಯುವುದೇ ಅಪರಾಧವಾಯಿತು. ಕವಿ ಚಿತ್ತಧರ ‘ಹೃದಯ’ರನ್ನು 1941ರಲ್ಲಿ ಸೆರೆಗೆ ತಳ್ಳಿದರು. ಸೆರೆಮನೆಯಲ್ಲೇ ಅವರು ಬುದ್ಧನ ಚರಿತೆಯನ್ನು ಕುರಿತ ‘ಸುಗತ ಸೌರಭ’ ಮಹಾಕಾವ್ಯವನ್ನು ಬರೆದರು. ನೇಪಾಳದ 2015ರ ಸಂವಿಧಾನ ಅಲ್ಲಿ ಮಾತೃಭಾಷೆಯಾಗಿ ಆಡುವ ಎಲ್ಲ ನುಡಿಗಳನ್ನೂ ರಾಷ್ಟ್ರಭಾಷೆಗಳೆಂದು ಕರೆದಿದೆ. 2021ರ ಜನಗಣತಿಯಲ್ಲಿ ಅವು 124.

ಸಿಂಹಾಸನವಿದ್ದವರ ನುಡಿ ಕರಗಿತು, ಸಿಂಹಾಸನ ಕಳೆದುಕೊಂಡವರ ನುಡಿ ಉಳಿಯಿತು. ಇದರ ಅರ್ಥವೇನೆಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಭಾಷೆಗೆ ಅರಮನೆಗಿಂತ ಅಡುಗೆಮನೆಯ ಆಸರೆ ಹೆಚ್ಚು ಎಂದು ನನಗೆ ತೋರುತ್ತದೆ. ನಮ್ಮ ಕನ್ನಡ ಶಾಲೆಗಳ ಒಂದನೆಯ ತರಗತಿಯ ಹಾಜರಿಪಟ್ಟಿ ವರ್ಷದಿಂದ ವರ್ಷಕ್ಕೆ ಚಿಕ್ಕದಾಗುವಾಗ ನಾವು ಸರಕಾರವನ್ನು ದೂರುತ್ತೇವೆ. ದೂರಬೇಕಾದುದೂ ಸರಿಯೇ. 1956ರಿಂದ ಕೇಳುತ್ತ ಬಂದ ಹಕ್ಕುಗಳನ್ನು ಕೇಳುತ್ತಲೇ ಇರಬೇಕು. ಆದರೆ ಮನೆಯಲ್ಲಿ ಮೊಮ್ಮಗುವಿಗೆ ಕಥೆ ಹೇಳುವ ನುಡಿ ಯಾವುದು ಎಂಬ ಪ್ರಶ್ನೆಗೆ ಯಾವ ಸರಕಾರವೂ ಉತ್ತರ ಕೊಡಲಾರದು.

ಮರುದಿನ, ಬಿಸುವಿನಂದು, ಪಶುಪತಿನಾಥನ ದರ್ಶನವಾಯಿತು. ನಾಲ್ಕು ದಿಕ್ಕಿಗೆ ನಾಲ್ಕು ಮುಖದ ಲಿಂಗ. ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ಕರ್ನಾಟಕದಿಂದ ಹೋದವರು, ಬಹುಕಾಲದ ಸಂಪ್ರದಾಯವಿದು. ನೂಕುನುಗ್ಗಲಿನಲ್ಲಿ ಮಾತನಾಡುವ ಸಂದರ್ಭ ಒದಗಲಿಲ್ಲ. ಆದರೂ ಪ್ರಾರ್ಥನೆಯನ್ನು ನಾವು ಕನ್ನಡದಲ್ಲಿಯೇ ತುಸು ಗಟ್ಟಿಯಾಗಿ ಮಾಡಿದೆವು.

ಹೊರಡುವವರಿಗೆ

ಈ ಯಾತ್ರೆಗೆ ಹೊರಡುವ ವಾಚಕರಿಗೆ ಎರಡು ಮಾತು. ಪೋಖರಾದಿಂದ ಒಂದೇ ದಿನದಲ್ಲಿ ಮುಕ್ತಿನಾಥಕ್ಕೆ ಒಯ್ಯುವ ಜೀಪುಗಳಿವೆ. ರಸ್ತೆ ಬಂತೆಂದು ಶರೀರಕ್ಕೆ ವೇಗ ಬರುವುದಿಲ್ಲ. ಮೂರು ಸಾವಿರ ಮೀಟರಿನ ಮೇಲೆ ದಿನಕ್ಕೆ ಐನೂರು ಮೀಟರಿಗಿಂತ ಎತ್ತರದಲ್ಲಿ ಹೊಸ ಹಾಸಿಗೆ ಹಾಸಬಾರದೆಂಬುದು ವೈದ್ಯರ ನಿಯಮ. ಮಾರ್ಫಾ, ಜೋಮ್‌ಸೋಮ್, ಕಾಗಬೇನಿಗಳಲ್ಲಿ ಎರಡು ಮೂರು ರಾತ್ರಿ ತಂಗಿ, ಮುಕ್ತಿನಾಥದ ದರ್ಶನ ಮುಗಿಸಿ ಅಂದೇ ಕೆಳಗಿಳಿದು ಮಲಗುವುದು ಕ್ಷೇಮ. ಹೃದಯದ, ಉಸಿರಿನ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಹೊರಡಬೇಕು. ತಲೆನೋವನ್ನು ಯಾರೂ ಮರೆಮಾಚಬಾರದು. ಎರಡನೆಯದು, ಜೊತೆಗೆ ಬರುವ ಮಿತ್ರರನ್ನು ಚೆನ್ನಾಗಿ ಆರಿಸಿಕೊಳ್ಳಿ. ಬೆಟ್ಟ ಹತ್ತಲು ಹುರಿದುಂಬಿಸುವವರು ಎಲ್ಲ ಕಡೆಯೂ ಸಿಗುತ್ತಾರೆ. ಇಳಿಯುವ ಹೊತ್ತಿಗೆ ಎದ್ದು ಜೀಪು ಹುಡುಕುವವರು ಬೇಕು.